ಐದು ನಿಮಿಷದ ಕೆಲಸ

ಫೆಬ್ರವರಿ 9

ಮಾವನಿಗೆ,

ಎರಡು ವರ್ಷದ ಹಿಂದೆ ನೀವು ಈ ದೋಣಿಗೆ ಕೂರಿಸಿಕೊಟ್ಟ ಇಂಜಿನ್ನು ಈಗ ತೊಂದರೆ ಕೊಡುತ್ತಿದೆ. ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಸದ್ದು ಇಳಿಯುತ್ತಾ ಬಂದು, ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಮತ್ತೆ ಇಪ್ಪತ್ತೇ ನಿಮಿಷ. ನಿನ್ನೆ ಡೀಸೆಲ್ ಎಷ್ಟಿದೆ ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬುಸ್ ಎಂದು ಗಾಳಿಯನ್ನು ಒಳಗೆ ಎಳೆದುಕೊಂಡಿತು. ಇದು ಹೇಳಬೇಕಾದ ವಿಷಯವೋ ಅಲ್ಲವೋ, ಬರೆದಿದ್ದೇನೆ.

ಇಂಜಿನ್ನು ನಮ್ಮವರು ನೋಡಿಕೊಳ್ಳುತ್ತಿದ್ದರು. ನನ್ನದು ಹಾಯಿ, ಹಗ್ಗ, ಹೊಲಿಗೆ. ಅವರು ತೀರಿಕೊಂಡು ನಾಳೆಗೆ ಹತ್ತು ವಾರ. ಇಷ್ಟು ದಿನ ಇಂಜಿನ್ನಿನ ಪೆಟ್ಟಿಗೆ ತೆಗೆದಿರಲಿಲ್ಲ.

ದೋಣಿಯನ್ನು ಇಲ್ಲಿಂದ ಸಮುದ್ರದ ಆಚೆ ದಡಕ್ಕೆ ಒಯ್ಯುತ್ತೇನೆ. ಒಬ್ಬಳೇ. ಇಪ್ಪತ್ತು ದಿನದ ದಾರಿ. ಮೇ ಮುಗಿಯುವುದರೊಳಗೆ ಹೊರಡಬೇಕು. ಆಮೇಲೆ ಬಿರುಗಾಳಿಯ ಕಾಲ, ನವೆಂಬರ್‌ವರೆಗೆ ಇಲ್ಲಿಂದ ಯಾರೂ ಹೋಗುವುದಿಲ್ಲ. ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇದೆ. ಬಂದರಿನಿಂದ ಹೊರಬೀಳಲು ಅಷ್ಟು ಸಾಕು, ಮುಂದಕ್ಕೆ ಗಾಳಿ ಇದೆ. ಇಂಜಿನ್ನಿಗೆ ಏನು ಮಾಡಬೇಕು ಬರೆಯಿರಿ.

ಫೋನು ನೀರಿಗೆ ಬಿತ್ತು. ಕಾಗದವನ್ನು ಬಂದರು ಕಚೇರಿಯ ವಿಳಾಸಕ್ಕೆ ಹಾಕಿ. ಒಬ್ಬಳೇ ಹೋಗುವ ವಿಷಯ ಅಮ್ಮನಿಗೆ ಹೇಳಬೇಡಿ.

ಸೂಜಿ

*

ಫೆಬ್ರವರಿ 20

ಸೂಜಿ ಮಗಳೇ,

ನಿನ್ನ ಕಾಗದ ಹತ್ತು ದಿನ ಅಲೆದು ನಿನ್ನೆ ನನ್ನ ವರ್ಕ್‌ಶಾಪಿನ ಬಾಗಿಲಿಗೆ ಬಂತು. ಪೋಸ್ಟಿನವನು, "ದೂರದ ಸ್ಟ್ಯಾಂಪು, ಯಾರ್ದು?" ಅಂದ. "ನಮ್ಮಕ್ಕನ ಮಗಳು. ಹಾಯಿದೋಣೀಲಿ ಅರ್ಧ ಭೂಮಿ ಸುತ್ತಿದಾಳೆ. ಯಾರ ಮಾತೂ ಕೇಳಲ್ಲ, ಇಂಜಿನ್ ಕೆಮ್ಮಿದ್ರೆ ಮಾತ್ರ ನನ್ನ ಕೇಳ್ತಾಳೆ" ಅಂದೆ. ಅರ್ಧ ಭೂಮಿ ನಾನು ಸೇರಿಸಿದ್ದು. ಉಳಿದದ್ದು ನಿಜ.

ಫೋನು ನೀರಿಗೆ ಬಿತ್ತೋ, ನೀರೇ ಫೋನಿನ ಹತ್ತಿರ ಬಂತೋ, ನಾನು ಕೇಳುವುದಿಲ್ಲ.

ಇಂಜಿನ್ ವಿಷಯಕ್ಕೆ ಬರೋಣ. ನಾನು ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು. ಅಂದರೆ ಉಳಿದವರು ಒಂದು ಸಲ ಓದಿದ್ದನ್ನು ನಾನು ಎರಡು ಸಲ ಓದಿದವನು. ನಮ್ಮ ಹೊಳೆಯ ಎದುರು ದಡದ ಮೆಕ್ಯಾನಿಕ್ ಇದ್ದಾನಲ್ಲ, ದಪ್ಪ ಕನ್ನಡಕದವನು, ಅವನಿಗೆ ಇಂಜಿನ್ನಿನ ಸದ್ದು ತಿಳಿಯಲು ಕಿವಿಗೆ ಸ್ಕ್ರೂಡ್ರೈವರ್ ಒತ್ತಿಕೊಳ್ಳಬೇಕು. ನನಗೆ ನಿನ್ನ ಅಕ್ಷರ ಸಾಕು. ನಿನ್ನ ಟ್ಯಾಂಕಿನ ತಳದಲ್ಲಿ ಕೊಳೆ ಕೂತಿದೆ.

ಡೀಸೆಲ್ಲಿಗೆ ನೀರು ಸೇರಿದರೆ ಅವೆರಡರ ನಡುವೆ ಒಂದು ಪಾಚಿ ಹುಟ್ಟುತ್ತದೆ. ಅದು ನೀರಲ್ಲಿ ಬದುಕಿ, ಡೀಸೆಲ್ ತಿಂದು, ಸತ್ತು ತಳಕ್ಕೆ ಬೀಳುತ್ತದೆ. ಇಂಜಿನ್ನು ಎಳೆದಾಗ ಕೊಳವೆಯ ಬಾಯಿಗೆ ಅದೇ ಹೋಗಿ ಕೂರುತ್ತದೆ. ಆದ್ದರಿಂದ ಹೀಗೆ ಮಾಡು. ಇರುವ ಡೀಸೆಲ್ಲನ್ನೆಲ್ಲ ಕೈಪಂಪಿನಲ್ಲಿ ಎಳೆದು ಡಬ್ಬಗಳಿಗೆ ತುಂಬು. ಟ್ಯಾಂಕಿನ ಮೇಲೆ ಅಂಗೈ ಅಗಲದ ಒಂದು ತಟ್ಟೆ ಇದೆ, ಎಂಟು ಬೋಲ್ಟು. ಒಂದನ್ನು ಬಿಚ್ಚಿ ಅದರ ಎದುರಿನದನ್ನು ಬಿಚ್ಚು, ವರಸೆಯಾಗಿ ಬಿಚ್ಚಬೇಡ, ತಟ್ಟೆ ಸೊಟ್ಟಗಾಗುತ್ತದೆ. ಕೈ ಒಳಗೆ ಹಾಕಿ ಬಳಿ. ನೂಲು ಬಿಡದ ಬಟ್ಟೆಯಲ್ಲಿ ಒರೆಸು. ನಾಲ್ಕು ದಿನ ಒಣಗಲು ಬಿಡು. ನಾಲ್ಕು ಅಂದರೆ ಮೂರಲ್ಲ. ಹಳೆಯ ಡೀಸೆಲ್ಲನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿ ವಾಪಸು ಹಾಕು. ಉಳಿದದ್ದನ್ನು ಬೇರೆ ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ. ಚಿತ್ರದಲ್ಲಿ ಟ್ಯಾಂಕು ಎಮ್ಮೆಯ ಹಾಗೆ ಕಂಡರೆ ತಪ್ಪು ನನ್ನ ಡ್ರಾಯಿಂಗ್ ಮೇಷ್ಟರದು.

ನಿನ್ನ ಅಮ್ಮ ಬಂದಿದ್ದಳು. ನಾನು ಬಾಯಿ ಬಿಡಲಿಲ್ಲ, ಆದರೆ ಅಕ್ಕ ನನ್ನ ಮುಖವನ್ನು ಐವತ್ತೆಂಟು ವರ್ಷದಿಂದ ಓದುತ್ತಾ ಬಂದಿದ್ದಾಳೆ.

"ಒಬ್ಬಳೇ ಹೊರಡ್ತಾಳೆ ಅಲ್ವೇನೋ?" ಅಂದಳು.

"ನಂಗೇನ್ ಗೊತ್ತು?"

"ಸುಳ್ಳು ಹೇಳೋವಾಗ ಮೂಗು ತುರಿಸ್ಕೋತೀಯ. ಕೈ ಇಳಿಸು. ಮನೆಗೆ ಬಾ ಅಂತ ಬರಿ. ನೀನ್ ಬರೆದ್ರೆ ಕೇಳ್ತಾಳೆ."

"ಅಕ್ಕ, ನಂಗೆ ಇಂಜಿನ್ ಬಗ್ಗೆ ಬರೆಯೋಕ್ ಬರತ್ತೆ. ಮನುಷ್ಯರ ಬಗ್ಗೆ ಬರಲ್ಲ."

ಆದ್ದರಿಂದ ಬಾ ಅಂತ ನಾನು ಬರೆಯುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಿಮ್ಮಿಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಅಂತ ಹೇಳುವ ಧೈರ್ಯವೂ ನನಗಿಲ್ಲ.

ಟ್ಯಾಂಕು ತೊಳೆದು ಬರಿ. ಅವಸರ ಮಾಡಬೇಡ.

ನಿನ್ನ ಮಾವ, ಇಂಜಿನ್ ಡಾಕ್ಟರು

*

ಮಾರ್ಚ್ 8

ಮಾವನಿಗೆ,

ಟ್ಯಾಂಕು ತೊಳೆದೆ. ಬೋಲ್ಟುಗಳನ್ನು ಎದುರು ಬದುರಾಗಿಯೇ ಬಿಚ್ಚಿದೆ. ತೋಳು ಭುಜದವರೆಗೆ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಕೊಳೆ ನೀವು ಹೇಳಿದಷ್ಟು ಇರಲಿಲ್ಲ. ಒಂದು ಬಟ್ಟಲು ಬಂತು, ಕಪ್ಪಗೆ, ಹರಿದ ಚರ್ಮದ ಹಾಗೆ. ಹಳೆಯ ಹಾಯಿಬಟ್ಟೆಯಿಂದ ಒಂದು ಸೋಸುವ ಚೀಲ ಹೊಲಿದುಕೊಂಡೆ. ಡೀಸೆಲ್ ಸೋಸುತ್ತಾ ಎರಡು ದಿನ ಹೋಯಿತು.

ಪಕ್ಕದ ದೋಣಿಯ ಅಜ್ಜ ಕೈಪಂಪು ಕೊಟ್ಟ. ಅವನೂ ಆಚೆ ದಡಕ್ಕೆ ಹೊರಟವನು. ನಾನು ನಿಮ್ಮ ಹಾಳೆಗಳನ್ನು ನೋಡಿ ನೋಡಿ ಕೆಲಸ ಮಾಡುವುದನ್ನು ದಿನವೂ ನೋಡುತ್ತಿದ್ದ.

"ಎಷ್ಟು ಪುಟ ಬರೆದಿದಾರೆ ನಿಮ್ಮ ಮಾವ?" ಅಂದ.

"ಒಂಬತ್ತು."

"ಟ್ಯಾಂಕ್ ತೊಳೆಯೋಕೆ ಒಂಬತ್ತು ಪುಟ? ಮದುವೆ ಮಾಡ್ಕೊಂಡಾಗ ನಂಗೆ ಯಾರೂ ಅರ್ಧ ಪುಟಾನೂ ಬರೆದು ಕೊಡಲಿಲ್ಲ."

ನಾಲ್ಕು ದಿನ ಒಣಗಿಸಿದೆ. ಆ ನಾಲ್ಕು ದಿನ ಬೇರೆ ಕೆಲಸ ಇರಲಿಲ್ಲ. ಟ್ಯಾಂಕಿನ ಬಾಯಿಯ ಪಕ್ಕ ಕೂತಿದ್ದೆ. ಡೀಸೆಲ್ ವಾಸನೆ ಕೈಯಿಂದ ಹೋಗುವುದಿಲ್ಲ. ಅದರಿಂದ ತೊಂದರೆಯೇನೂ ಇಲ್ಲ.

ಇಂಜಿನ್ನು ಮತ್ತೆ ಇಪ್ಪತ್ತು ನಿಮಿಷಕ್ಕೆ ನಿಂತಿತು. ಮುಂದೆ ಏನು?

ಸೂಜಿ

*

ಮಾರ್ಚ್ 18

ಸೂಜಿ,

ನಿನ್ನ ಕಾಗದ ಓದಿ ನಿನ್ನ ಅತ್ತೆಗೆ ಹೇಳಿದೆ, "ನೋಡು, ಹುಡುಗಿ ಚೇತರಿಸಿಕೊಂಡಿದಾಳೆ, ಈ ಸಲ ಎರಡು ಪುಟ ಬರೆದಿದಾಳೆ, ಅಜ್ಜನ ಜೋಕೂ ಇದೆ." ಅತ್ತೆ, "ಎರಡು ಪುಟದಲ್ಲಿ ಊಟ ಮಾಡಿದೆ ಅಂತ ಎಲ್ಲಾದ್ರೂ ಇದ್ಯಾ?" ಅಂದಳು. ಹೆಂಗಸರು ಕಾಗದದಲ್ಲಿ ಇಲ್ಲದ್ದನ್ನೇ ಓದುತ್ತಾರೆ. ಊಟ ಮಾಡಿದೆ ಅಂತ ಬರೆದುಬಿಡು, ನನಗೆ ಮನೆಯಲ್ಲಿ ನೆಮ್ಮದಿ.

ಟ್ಯಾಂಕು ತೊಳೆದರೂ ನಿಂತಿತು ಅಂದರೆ ಇಂಜಿನ್ನು ಎಲ್ಲೋ ಗಾಳಿ ಎಳೆಯುತ್ತಿದೆ. ಕೊಳವೆಯ ಜಾಯಿಂಟಿನಲ್ಲಿ ಸೂಜಿ ಮೊನೆಯಷ್ಟು ಸಂದಿ ಇದ್ದರೂ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕಿನಿಂದ ಇಂಜಿನ್ನಿನವರೆಗೆ ಹದಿನಾಲ್ಕು ಜಾಯಿಂಟು ಇದೆ, ನಾನೇ ಹಾಕಿದ್ದು. ಒಂದೊಂದನ್ನೂ ಬಿಚ್ಚಿ, ಹಳೆಯ ತಾಮ್ರದ ವಾಷರು ಎಸೆದು ಹೊಸದು ಹಾಕು. ಹೊಸದು ಸಿಗದಿದ್ದರೆ ಹಳೆಯದನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕು, ಮೆತ್ತಗಾಗುತ್ತದೆ, ಇನ್ನೊಂದು ಸಲ ಬರುತ್ತದೆ. ಇದು ಎದುರು ದಡದ ಕನ್ನಡಕಕ್ಕೆ ಗೊತ್ತಿಲ್ಲ, ನೀನೂ ಯಾರಿಗೂ ಹೇಳಬೇಡ. ಎರಡೂ ಫಿಲ್ಟರು ಬದಲಾಯಿಸು. ಆಮೇಲೆ ಫೀಡ್ ಪಂಪು ಬಿಚ್ಚು, ಒಳಗೆ ರಬ್ಬರಿನ ತೆಳು ಚಕ್ಕೆ ಇದೆ, ಬೆಳಕಿಗೆ ಹಿಡಿದು ನೋಡು, ಸೀಳಿದ್ದರೆ ಬದಲಾಯಿಸು, ಸೀಳದಿದ್ದರೂ ಬದಲಾಯಿಸು. ಎಲ್ಲ ಮುಗಿದ ಮೇಲೆ ಕೊಳವೆಯಲ್ಲಿರುವ ಗಾಳಿ ತೆಗೆಯಬೇಕು. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಪಂಪು ಒತ್ತುತ್ತಾ ಹೋಗು, ಮೊದಲು ನೊರೆ ಬರುತ್ತದೆ, ನೊರೆ ಹೋಗಿ ಬರೀ ಡೀಸೆಲ್ ಬಂದಾಗ ಬಿಗಿ ಮಾಡು.

ನಿನ್ನ ಗಂಡ, ಮೇಷ್ಟರು, ದೋಣಿ ಹೊರಡುವ ಮೊದಲು ಈ ಗಾಳಿ ತೆಗೆಯುವುದನ್ನು ಕಲಿಯಲು ನನ್ನ ಹತ್ತಿರ ಮೂರು ದಿನ ಬಂದಿದ್ದರು. ಮಕ್ಕಳಿಗೆ ಗಣಿತ ಹೇಳುವ ಮನುಷ್ಯ, ನೊರೆ ಬರುವಾಗ ಗುಳ್ಳೆ ಎಣಿಸುತ್ತಿದ್ದರು. "ಎಣಿಸಬೇಡಿ ಮೇಷ್ಟ್ರೇ, ನೋಡಿ ಸಾಕು" ಅಂದರೆ, "ಎಣಿಸದೆ ಹೇಗೆ ನೋಡೋದು?" ಅನ್ನುತ್ತಿದ್ದರು. ಬರೆಯಬಾರದಿತ್ತೇನೋ. ಬರೆದಾಯಿತು, ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ.

ಹದಿನಾಲ್ಕು ಜಾಯಿಂಟು. ದಿನಕ್ಕೆ ಎರಡಕ್ಕಿಂತ ಹೆಚ್ಚು ಮಾಡಬೇಡ, ಕೈ ನಡುಗಿದರೆ ಬೋಲ್ಟಿನ ಥ್ರೆಡ್ಡು ಕೆಡುತ್ತದೆ.

ಮಾವ

*

ಏಪ್ರಿಲ್ 4

ಮಾವನಿಗೆ,

ಹದಿನಾಲ್ಕು ಜಾಯಿಂಟು ಮುಗಿಯಿತು. ದಿನಕ್ಕೆ ಎರಡೇ ಮಾಡಿದೆ. ಫಿಲ್ಟರು ಬದಲಾಯಿಸಿದೆ. ಪಂಪಿನ ರಬ್ಬರು ಸೀಳಿರಲಿಲ್ಲ, ಆದರೂ ಬದಲಾಯಿಸಿದೆ. ಗಾಳಿ ತೆಗೆಯುವಾಗ ಗುಳ್ಳೆ ಎಣಿಸಿದೆ. ಇನ್ನೂರ ಹನ್ನೊಂದು. ನೀವು ಬರೆದದ್ದರಿಂದ ಏನೂ ಆಗಲಿಲ್ಲ. ಈಗ ಯಾವುದರಿಂದಲೂ ಏನೂ ಆಗುವುದಿಲ್ಲ. ಅದಕ್ಕೇ ಕೈ ನಡುಗುವುದಿಲ್ಲ.

ಇಂಜಿನ್ನಿನ ಕೆಳಗಿನ ತಟ್ಟೆಯಲ್ಲಿ ಅವರು ಬೀಳಿಸಿದ್ದ ಮೂರು ನಟ್ಟು ಸಿಕ್ಕವು. ಎಲ್ಲಿಂದ ಬಿದ್ದವು ಎಂದು ಹುಡುಕಿ ಮೂರನ್ನೂ ಅವುಗಳ ಜಾಗದಲ್ಲಿ ಹಾಕಿದೆ.

ಇಂಜಿನ್ನು ಇಪ್ಪತ್ತೆರಡು ನಿಮಿಷ ಓಡಿ ನಿಂತಿತು. ಬಂದರಿನಲ್ಲಿ ನಮ್ಮ ಸಾಲಿನಲ್ಲಿ ಹತ್ತು ದೋಣಿ ಇದ್ದವು, ಈಗ ಆರು. ಪಕ್ಕದ ಅಜ್ಜನೂ ಸೋಮವಾರ ಹೊರಡುತ್ತಾನೆ. "ನೀನು ಬರೋ ಹೊತ್ತಿಗೆ ನಾನು ಆ ಕಡೆ ಲಂಗರು ಹಾಕಿ ಬೋರಾಗಿ ಕೂತಿರ್ತೀನಿ" ಅಂದ. ಹೂಂ ಅಂದೆ.

ಊಟ ಮಾಡಿದೆ ಅಂತ ಅತ್ತೆಗೆ ಹೇಳಿ.

ಮೇ ಮುಗಿಯುವುದರೊಳಗೆ ಇಂಜಿನ್ನು ಸರಿಯಾಗುತ್ತದೆಯೇ, ಇಲ್ಲವೇ? ಇದೊಂದು ಬರೆಯಿರಿ.

ಸೂಜಿ

*

ಏಪ್ರಿಲ್ 14

ಸೂಜಿ,

ಸರಿಯಾಗುತ್ತದೆ. ನಾನು ಆಗುತ್ತದೆ ಅಂದದ್ದು ಆಗದೆ ಇದ್ದದ್ದು ಒಂದೇ, ಏಳನೇ ಕ್ಲಾಸು.

ಈಗ ಉಳಿದದ್ದು ನಾಜಲ್ಲು. ಇಂಜಿನ್ನಿನ ತಲೆಯ ಮೇಲೆ ಮೂರು ಇವೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಡೀಸೆಲ್ಲನ್ನು ಮಂಜಿನ ಹಾಗೆ ಒಳಗೆ ಊದುವುದು ಅವೇ. ಕಾದ ಮೇಲೆ ಅವು ಹಿಡಿದುಕೊಳ್ಳುತ್ತಿವೆ ಅಂತ ನನ್ನ ಅಂದಾಜು. ಇದನ್ನು ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ, ಒತ್ತಡದ ಮಿಷನ್ನಿಗೆ ಹಾಕಿ ಪರೀಕ್ಷೆ ಮಾಡಬೇಕು. ನಿನ್ನ ಬಂದರಿನವರ ಕೈಗೆ ಕೊಡಬೇಡ, ಯಾರು ಹೇಗೋ. ಮೂರನ್ನೂ ಬಿಚ್ಚಿ, ತೊಳೆದು, ನನಗೆ ಪಾರ್ಸೆಲ್ ಮಾಡು. ನಾನೇ ಪರೀಕ್ಷೆ ಮಾಡಿ ಕಳಿಸುತ್ತೇನೆ. ಬಿಚ್ಚಿದ ತೂತಿಗೆ ಬಟ್ಟೆಯ ಬಿರಡೆ ಹಾಕಿಡು, ಧೂಳು ಬೀಳಬಾರದು.

ಹೋಗಿ ಬರಲು ಇಪ್ಪತ್ತು ದಿನ ಹಿಡಿಯುತ್ತದೆ ಅನ್ನುವೆ. ಇಪ್ಪತ್ತು ದಿನ ಏನು ಮಹಾ.

ಅಕ್ಕ ಈಗ ದಿನವೂ ವರ್ಕ್‌ಶಾಪಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ನಾನು ಕೇಳಿದವರಿಗೆ, "ನಮ್ಮಕ್ಕ ಕೆಲಸ ಕಲಿಯೋಕೆ ಬರ್ತಾಳೆ" ಅನ್ನುತ್ತೇನೆ. ಅವಳು ನಗುವುದಿಲ್ಲ, ಬಯ್ಯುವುದೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾವ

*

ಏಪ್ರಿಲ್ 24

ಮಾವನಿಗೆ,

ಮೂರು ನಾಜಲ್ ಕಳಿಸಿದ್ದೇನೆ. ಹಾಯಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ ಹೊಲಿದಿದ್ದೇನೆ. ಮುಂದಿನದು, ನಡುವಿನದು, ಹಿಂದಿನದು ಎಂದು ದಾರದಲ್ಲಿ ಗುರುತು ಹಾಕಿದೆ. ಅದಲು ಬದಲು ಮಾಡಬೇಡಿ.

ಸೂಜಿ

*

ಮೇ 6

ಸೂಜಿ,

ಪಾರ್ಸೆಲ್ ಮೊನ್ನೆ ಬಂತು. ನಿನ್ನ ಅತ್ತೆ ಊಟದ ಮೇಜಿನ ಮೇಲೆ ಹೊಲಿಗೆ ಬಿಚ್ಚಿದಳು.

"ಏನ್ರೀ ಇದು, ಹುಡುಗಿ ಇಂಜಿನ್ನಿನ ಹಲ್ಲು ಕಿತ್ತು ಕಳಿಸಿದಾಳೆ."

"ನಾನೇ ಹೇಳಿದ್ದು."

"ಯಾಕೆ? ಏನಾಗಿದೆ ಇಂಜಿನ್ನಿಗೆ?"

ನಿನ್ನ ಕಾಗದಗಳನ್ನು ನಾನು ಅವಳಿಗೆ ಓದಿ ಹೇಳುತ್ತಿದ್ದೆ, ಕೈಗೆ ಕೊಟ್ಟಿರಲಿಲ್ಲ. ಅವಳು ಹೋಗಿ ನಟ್ಟು ಬೋಲ್ಟಿನ ಡಬ್ಬಿಯಿಂದ ಅಷ್ಟನ್ನೂ ತಂದು, ಮೊದಲನೆಯದರಿಂದ ಓದಿದಳು. ಅರ್ಧ ಪುಟಕ್ಕೆ ನಿಂತಳು.

"ಮುಚ್ಚಳ ತೆಗೆದ್ರೆ ಬುಸ್ ಅಂತ ಗಾಳಿ ಎಳ್ಕೊಳ್ತು ಅಂತ ಬರೆದಿದಾಳಲ್ರೀ. ಇದು ನಿಮ್ಮ ಕುಂಬಾರ ಹುಳದ ಕಥೆ ಅಲ್ವಾ?"

ನಾನು ನಾಜಲ್ ಒರೆಸುತ್ತಿದ್ದೆ.

"ಹನ್ನೆರಡು ಜನ ಇದ್ದ ದೋಣಿ, ನಾಲ್ಕು ಮೆಕ್ಯಾನಿಕ್ಕು, ಮೂರು ದಿನ ಎಲ್ಲ ಬಿಚ್ಚಿದ್ರು, ಆಮೇಲೆ ನೀವು ಬಂದು ಟ್ಯಾಂಕಿನ ಗಾಳಿ ಕೊಳವೆಗೆ ತಂತಿ ಹಾಕಿ ಹುಳದ ಮಣ್ಣುಗೂಡು ತೆಗೆದ್ರಿ. ನಮ್ಮನೆ ಬೆಕ್ಕಿಗೂ ಬಾಯಿಪಾಠ ಇದೆ ಆ ಕಥೆ. ಅದನ್ನೇ ಬರೆಯೋದು ಬಿಟ್ಟು ಮೂರು ತಿಂಗಳು ಏನ್ ಮಾಡಿಸಿದ್ರಿ ಆ ಮಗು ಹತ್ರ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಿನ್ನ ಮೊದಲ ಕಾಗದದ ಮೊದಲ ಪ್ಯಾರಾ ಮುಗಿಯುವುದರೊಳಗೆ ನನಗೆ ಕಾಯಿಲೆ ತಿಳಿದಿತ್ತು. ಟ್ಯಾಂಕಿನ ಮೇಲಿನಿಂದ ಒಂದು ಸಣ್ಣ ಕೊಳವೆ ದೋಣಿಯ ಹೊರಬದಿಗೆ ಹೋಗುತ್ತದೆ, ಅದರ ಬಾಯಿ ನಿನ್ನ ಕಿರುಬೆರಳಿನಷ್ಟು. ಡೀಸೆಲ್ ಖರ್ಚಾದಷ್ಟೂ ಆ ಬಾಯಿಂದ ಗಾಳಿ ಒಳಗೆ ಬರಬೇಕು. ಅದು ಮುಚ್ಚಿಹೋಗಿದೆ. ಹುಳವೋ, ಉಪ್ಪೋ, ಬಣ್ಣವೋ. ಗಾಳಿ ಬರದಿದ್ದರೆ ಟ್ಯಾಂಕು ತನ್ನ ಡೀಸೆಲ್ಲನ್ನು ತಾನೇ ಬಿಡುವುದಿಲ್ಲ. ತಂತಿ ಹಾಕಿ ತಿರುಗಿಸು. ಐದು ನಿಮಿಷದ ಕೆಲಸ.

ಇಷ್ಟು ದಿನ ಬಿಚ್ಚಿಸಿದ್ದೆಲ್ಲ ಬಿಚ್ಚಬೇಕಾದ್ದೇ, ಹಾಳು ಕೆಲಸ ಒಂದೂ ಹೇಳಿಲ್ಲ. ಈ ಕಾಯಿಲೆಗೆ ಅದರ ಸಂಬಂಧ ಇರಲಿಲ್ಲ ಅಷ್ಟೇ. ಒಂದೊಂದು ಕಾಗದಕ್ಕೆ ಹೋಗಿಬರಲು ಇಪ್ಪತ್ತು ದಿನ ಅಂತ ಲೆಕ್ಕ ಹಾಕಿದೆ. ನಾಲ್ಕು ಕಾಗದಕ್ಕೆ ಮೇ ಮುಗಿಯುತ್ತದೆ, ಬಿರುಗಾಳಿಯ ಕಾಲ ಬಂದು ಬಾಗಿಲು ಹಾಕುತ್ತದೆ. ನಾಜಲ್ ಕೈಗೆ ಬಂದ ದಿನ, ಇನ್ನು ಇವಳ ದೋಣಿ ಕದಲುವುದಿಲ್ಲ ಅಂತ ಧೈರ್ಯವಾಗಿ ಮಲಗಿದೆ.

ಯಾಕೆ ಅಂತ ಕೇಳಬೇಡ, ನಾನೇ ಹೇಳುತ್ತೇನೆ. ಕಾಲು ಟ್ಯಾಂಕು ಡೀಸೆಲ್ ಸಾಕು ಅಂತ ಬರೆದಿದ್ದೆಯಲ್ಲ. ಸಮುದ್ರ ದಾಟಿ ಸೇರುವವರು ಎರಡು ಬಂದರಿಗೆ ಡೀಸೆಲ್ ಇಟ್ಟುಕೊಳ್ಳುತ್ತಾರೆ. ಬಿಡುವ ಬಂದರಿಗೆ ಒಂದಿಷ್ಟು, ಸೇರುವ ಬಂದರಿಗೆ ಒಂದಿಷ್ಟು. ನೀನು ಬಿಡುವ ಬಂದರಿಗೆ ಮಾತ್ರ ಇಟ್ಟುಕೊಂಡಿದ್ದೆ. ಮನುಷ್ಯರ ಬಗ್ಗೆ ನನಗೆ ಗೊತ್ತಾಗುವುದಿಲ್ಲ, ಆದರೆ ಟ್ಯಾಂಕಿನ ಬಗ್ಗೆ ಗೊತ್ತಾಗುತ್ತದೆ. ಆ ಸಾಲನ್ನು ಅಕ್ಕನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ನಾಜಲ್ಲನ್ನು ಏನು ಮಾಡಲಿ ಅಂತ ಅತ್ತೆಯನ್ನು ಕೇಳಿದೆ. ಇಟ್ಟುಕೊಳ್ಳಲಾ ಅಂದೆ.

"ಇಟ್ಕೊಂಡು ಏನ್ ಮಾಡ್ತೀರ, ಮೂಗಿಗೆ ಹಾಕ್ಕೊಳ್ತೀರಾ? ಕಳ್ಸಿ. ನಿಜ ಬರೆದು ಕಳ್ಸಿ" ಅಂದಳು.

ಮಿಷನ್ನಿಗೆ ಹಾಕಿ ನೋಡಿದೆ, ಮೂರೂ ಚೆನ್ನಾಗಿವೆ. ನೀನು ಸುತ್ತಿದ ಬಟ್ಟೆಯಲ್ಲೇ ಅತ್ತೆ ಮತ್ತೆ ಹೊಲಿದಿದ್ದಾಳೆ, ಹೊಲಿಗೆ ನಿನ್ನಷ್ಟು ನೆಟ್ಟಗಿಲ್ಲ. ಅದಲು ಬದಲಾಗಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ಮೇ ಇನ್ನೂ ಎರಡು ವಾರ ಇರುತ್ತದೆ. ಹೋಗುವುದಾದರೆ ಹೋಗು. ಟ್ಯಾಂಕು ತುಂಬಿಸಿಕೊಂಡು ಹೋಗು. ಇದು ಮೆಕ್ಯಾನಿಕ್ಕಿನ ಮಾತಲ್ಲ.

ಮಾವ

*

ಮೇ 28

ಸೂಜಿ,

ನಿನ್ನ ಕಾಗದ ಬಂದಿಲ್ಲ. ಸಿಟ್ಟಿರಬಹುದು. ಇರಲಿ.

ದಿನವೂ ಪೋಸ್ಟಿನವನು ಸೈಕಲ್ಲಿನ ಬೆಲ್ಲು ಮಾಡದೆ ಹೋಗುತ್ತಾನೆ. ಮೊದಲೆಲ್ಲ ನನ್ನ ಬಾಗಿಲಲ್ಲಿ ಸುಮ್ಮನೆ ಆದರೂ ಬೆಲ್ಲು ಮಾಡುತ್ತಿದ್ದ. ನಾನು ಅವನಿಗೆ ಏನೂ ಹೇಳಿಲ್ಲ.

ಒಂದು ಇಂಜಿನ್ನು ಬಿಚ್ಚಿಟ್ಟಿದ್ದೇನೆ, ಜೋಡಿಸಲು ಮನಸ್ಸಿಲ್ಲ. ಎದುರು ದಡದ ಕನ್ನಡಕದವನು ದೋಣಿ ಹತ್ತಿ ಬಂದ. "ಏನಣ್ಣ, ಹುಷಾರಿಲ್ವಾ? ಹದಿನೈದು ದಿನದಿಂದ ನನ್ನ ಬೈದಿಲ್ಲವಂತೆ ನೀವು" ಅಂದ. "ನಾಳೆಯಿಂದ ಬೈತೀನಿ ಹೋಗು" ಅಂದೆ. ಹೋಗುವಾಗ ಆ ಇಂಜಿನ್ನನ್ನು ಅರ್ಧ ಜೋಡಿಸಿ ಹೋದ. ಸರಿಯಾಗಿಯೇ ಜೋಡಿಸಿದ್ದಾನೆ.

ಅಕ್ಕ ಸ್ಟೂಲಿನ ಮೇಲಿದ್ದಾಳೆ. ನಾನು ಇದನ್ನು ಬರೆಯುವುದನ್ನು ನೋಡುತ್ತಿದ್ದಾಳೆ. "ಏನಂತ ಬರೀತಿದೀಯ?" ಅಂದಳು. "ಇಂಜಿನ್ ಬಗ್ಗೆ" ಅಂದೆ.

ಹೊರಟುಹೋಗಿದ್ದರೆ ಈ ಕಾಗದ ನಿನ್ನ ಬಂದರು ಕಚೇರಿಯಲ್ಲೇ ಇರುತ್ತದೆ. ಯಾರಾದರೂ ವಾಪಸು ಕಳಿಸಬಹುದು. ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ.

ಮಾವ

*

ಜೂನ್ 2

ಮಾವನಿಗೆ,

ನಾಜಲ್ಲೂ ನಿಮ್ಮ ಕಾಗದವೂ ಮೇ ಹದಿನೇಳಕ್ಕೆ ಬಂದವು. ಎರಡು ಸಲ ಬರೆಯಲು ಕೂತು ಎದ್ದೆ. ಇವತ್ತು ಬರೆಯುತ್ತೇನೆ.

ಕುಂಬಾರ ಹುಳದ ಕಥೆಯನ್ನು ನೀವು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೀರಿ ಎಂದು ನಿಮಗೆ ಲೆಕ್ಕವಿಲ್ಲ. ನನಗೆ ಆರು ವರ್ಷವಾಗಿದ್ದಾಗ ಆ ದೋಣಿಯಲ್ಲಿ ಐದು ಜನ ಇದ್ದರು. ಈಗ ಹನ್ನೆರಡು. ಮುಚ್ಚಳ ಬುಸ್ ಎಂದ ಕ್ಷಣ ನನಗೂ ಗೊತ್ತಾಗಿತ್ತು. ಕೊಳವೆಯ ಬಾಯಿ ನೋಡಿದ್ದೆ, ಮಣ್ಣು ತುಂಬಿತ್ತು. ಹಾಗೇ ಬಿಟ್ಟು ಒಳಗೆ ಹೋಗಿ ನಿಮಗೆ ಕಾಗದ ಬರೆದೆ. ತಂತಿ ಹಾಕು ಎಂದು ನೀವು ಬರೆದರೆ ಹಾಕೋಣ, ಹೊರಡೋಣ ಎಂದುಕೊಂಡೆ. ನೀವು ಒಂಬತ್ತು ಪುಟ ಟ್ಯಾಂಕು ತೊಳೆಯುವುದನ್ನು ಬರೆದಿರಿ. ಮಾವ ಸುಳ್ಳು ಬರೆದಿದ್ದಾರೆ ಎಂದು ಗೊತ್ತಾಯಿತು. ಯಾಕೆ ಎಂದು ಯೋಚಿಸುವಷ್ಟು ಶಕ್ತಿ ಇರಲಿಲ್ಲ. ಬೋಲ್ಟು ಬಿಚ್ಚಲು ಇತ್ತು. ಬಿಚ್ಚಿದೆ.

ಇನ್ನೊಂದು ಹೇಳುತ್ತೇನೆ, ನಿಮಗೆ ಬೇಜಾರಾಗಬಹುದು. ಇದು ಹಾಯಿದೋಣಿ. ಇಂಜಿನ್ನು ಇಲ್ಲದೆಯೂ ಬಂದರು ಬಿಡಬಹುದು. ಇಲ್ಲಿ ಬೆಳಗಿನ ಗಾಳಿ ನೆಲದಿಂದ ಹೊರಕ್ಕೆ ಬೀಸುತ್ತದೆ. ನಾಜಲ್ ನಿಮ್ಮ ಮೇಜಿನ ಮೇಲಿದ್ದಾಗಲೂ ನಾನು ಯಾವ ದಿನ ಬೇಕಾದರೂ ಹೋಗಬಹುದಿತ್ತು. ನೀವು ಇಂಜಿನ್ನಿನವರು, ನಿಮಗೆ ಅದು ಹೊಳೆದಿರಲಿಕ್ಕಿಲ್ಲ.

ಒಂದು ಸಲ ಹೋದೆ. ಮಾರ್ಚ್ ಇಪ್ಪತ್ತಾರು. ಬೆಳಿಗ್ಗೆ ಆರಕ್ಕೆ ಲಂಗರು ಎತ್ತಿದೆ, ದೊಡ್ಡ ಹಾಯಿ ಏರಿಸಿದೆ. ಯಾರೂ ಎದ್ದಿರಲಿಲ್ಲ. ಟ್ಯಾಂಕಿನ ವಿಷಯ ನೀವು ಓದಿದ್ದು ಸರಿ. ಎಲ್ಲಿಗೆ ಎಂದು ಇರಲಿಲ್ಲ. ಅಳುವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ, ಬಸ್ಸಿಗೆ ಹೊರಟ ಹಾಗೆ ಇತ್ತು. ಬಂದರಿನ ಬಾಯಿಗೆ ಬಂದಾಗ ಕಲ್ಲಿನ ಗೋಡೆ ದಾಟಿ ಮೊದಲ ಅಲೆ ಬಂತು. ಆಗ ನೆನಪಾಯಿತು, ನಿಮ್ಮ ಕಾಗದ ಗುರುವಾರವೋ ಶುಕ್ರವಾರವೋ ಬರುತ್ತದೆ. ಟ್ಯಾಂಕು ಆಯಿತು, ಮಾವ ಮುಂದೆ ಏನು ಬಿಚ್ಚಿಸಲು ನೋಡುತ್ತಾರೆ, ಇನ್ನು ಎಂಥ ಸುಳ್ಳು ಹೊಂದಿಸುತ್ತಾರೆ, ಅದೊಂದು ನೋಡೋಣ ಅನ್ನಿಸಿತು. ದೊಡ್ಡದೇನೂ ಅಲ್ಲ, ಅಷ್ಟೇ. ದೋಣಿ ತಿರುಗಿಸಿದೆ. ಎದುರು ಗಾಳಿಗೆ ವಾಪಸು ಬರಲು ಎರಡು ಗಂಟೆ ಹಿಡಿಯಿತು.

ಹದಿನಾಲ್ಕು ಜಾಯಿಂಟು ಬಂತು. ಆಮೇಲೆ ನಾಜಲ್ ಕಳಿಸು ಅಂದಿರಿ. ಅದನ್ನು ಓದಿ, ಇಷ್ಟು ದೂರ ಹೋಗಿದ್ದಾರಲ್ಲ ಎಂದುಕೊಂಡೆ. ಕೊಡೋಣ, ಮಾವನ ಹತ್ತಿರ ಇರಲಿ ಎಂದು ಹೊಲಿದು ಕಳಿಸಿದೆ.

ನಿಮ್ಮ ನಿಜದ ಕಾಗದ ಬಂದ ದಿನ ಸಿಟ್ಟು ಬಂತು. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಇನ್ನು ಬಿಚ್ಚಲು ಏನೂ ಉಳಿಯಲಿಲ್ಲ ಎಂದಿರಬೇಕು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ, ಆದರೆ ಅದಕ್ಕೂ ಮೊದಲೂ ಆಡುತ್ತಿರಲಿಲ್ಲ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ಒಂದು ತಟ್ಟೆ ಎತ್ತಿ ಎಸೆದೆ. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ.

ಮೇ ಮುಗಿಯಿತು. ನಾನು ಹೊರಡಲಿಲ್ಲ. ಬಂದರಿನವರು ಸಾಲಿನ ಒಳಗಡೆಗೆ ಜಾಗ ಕೊಟ್ಟಿದ್ದಾರೆ, ನಾಲ್ಕು ಕಡೆ ಹಗ್ಗ ಕಟ್ಟಿದ್ದೇನೆ. ನವೆಂಬರ್‌ವರೆಗೆ ಇಲ್ಲೇ. ಟ್ಯಾಂಕು ತುಂಬಿಸಿದೆ, ನಿಂತ ದೋಣಿಗೂ ತುಂಬಿದ ಟ್ಯಾಂಕೇ ಒಳ್ಳೆಯದು, ಒಳಗೆ ಬೆವರುವುದಿಲ್ಲ. ನವೆಂಬರಿನಲ್ಲಿ ಆಚೆ ದಡವೋ, ಮನೆಯೋ, ಈಗ ಹೇಳಲಾರೆ. ಒಬ್ಬಳೇ ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿ. ಉಳಿದದ್ದನ್ನು ನಾನೇ ಬರೆಯುತ್ತೇನೆ, ನೀವು ಮೂಗು ತುರಿಸಿಕೊಳ್ಳಬೇಕಾಗಿಲ್ಲ.

ನಿನ್ನೆ ನಾಜಲ್ ಕೂರಿಸಿದೆ. ಗಾಳಿ ತೆಗೆದೆ. ಕೊಳವೆಗೆ ತಂತಿ ಹಾಕಿ ತಿರುಗಿಸಿದೆ, ಒಣಮಣ್ಣು ಉದುರಿತು, ಹುಳ ಯಾವಾಗಲೋ ಹಾರಿಹೋಗಿತ್ತು. ಇವತ್ತು ಬೆಳಿಗ್ಗೆ ಹತ್ತಕ್ಕೆ ಸ್ಟಾರ್ಟ್ ಮಾಡಿ ಪೆಟ್ಟಿಗೆಯ ಪಕ್ಕ ಕೂತೆ. ಇಪ್ಪತ್ತು ನಿಮಿಷ ಆಯಿತು. ಒಂದು ಗಂಟೆ ಆಯಿತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆ. ಎರಡಾಯಿತು, ಮೂರಾಯಿತು. ಪೆಟ್ಟಿಗೆ ಬೆಚ್ಚಗಾಗಿತ್ತು, ಅದಕ್ಕೆ ಒರಗಿಕೊಂಡೆ. ನಾಲ್ಕು ಗಂಟೆಯ ಹೊತ್ತಿಗೂ ಒಂದೇ ಸಮನೆ ಓಡುತ್ತಿತ್ತು. ಕೊನೆಗೆ ನಾನೇ ಎದ್ದು ನಿಲ್ಲಿಸಬೇಕಾಯಿತು. ಹಸಿವಾಗಿತ್ತು.

ಸೂಜಿ